ಕರಾರಿನಲ್ಲಿ ಮಾಲೀಕರ ತಪ್ಪು: ಬಾಡಿಗೆದಾರರಿಗೆ 12 ಸೂತ್ರಗಳು

ಹೊಸ ಅಂಗಡಿ ಇಡುವಾಗ, ಹೊಸ ಮನೆಗೆ ಕಾಲಿಡುವಾಗ ಇಡಗುಂಜಿಗೆ ಹೋಗಿ ಗರಿಕೆ ಏರಿಸಿ, ಹಣ್ಣುಕಾಯಿ ಮಾಡಿಸಿ, ಪಂಚಖಾದ್ಯ ಕಟ್ಟಿಸಿಕೊಂಡು ಬರುವುದು ಹೊನ್ನಾವರ, ಭಟ್ಕಳ, ಕುಮಟಾ ಸೀಮೆಯ ರೂಢಿ. ಇಡಗುಂಜಿಯ ಎರಡು ಕೈಯ ಮಹಾಗಣಪತಿ ವಿಘ್ನ ಕಳೆಯುವವನು. ಬರವಣಿಗೆಯ ದೇವರೂ ಹೌದು. ಮಹಾಭಾರತ ಬರೆದುಕೊಳ್ಳಲು ಕೂತ ಗಣಪನಿಗೆ ವ್ಯಾಸರು ಹಾಕಿದ ಷರತ್ತು ಒಂದೇ: ಅರ್ಥವಾಗದೆ ಬರೆಯಬಾರದು. ಬಾಡಿಗೆ ಕರಾರಿಗೆ ರುಜು ಹಾಕುವ ಹೊತ್ತಿನಲ್ಲಿ ನಾವು ಮರೆಯುವುದು ಇದೇ ಷರತ್ತನ್ನು.

ದೇವಸ್ಥಾನದ ಪೇಟೆಯಲ್ಲಿ ಒಬ್ಬರು ಹಣ್ಣುಕಾಯಿ ಅಂಗಡಿಗೆಂದು ಖಾಸಗಿ ಕಟ್ಟಡದ ಒಂದು ಕೋಣೆ ಹಿಡಿದಿದ್ದಾರೆ ಎಂದುಕೊಳ್ಳಿ. ಕರಾರು ಮಾಲೀಕರೇ ಬರೆಸಿಕೊಟ್ಟದ್ದು. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಮೊದಲ ಪುಟದಲ್ಲಿ ಇವರ ಹೆಸರು, ಮೂರನೇ ಪುಟದಲ್ಲಿ ಹಿಂದಿನ ಬಾಡಿಗೆದಾರನ ಹೆಸರು. ಹಳೆಯ ಕರಾರನ್ನೇ ಕಂಪ್ಯೂಟರಿನಲ್ಲಿ ತೆಗೆದು ತಿದ್ದುವಾಗ ಒಂದು ಪುಟ ಹಾಗೇ ಉಳಿದುಹೋಗಿದೆ. ಕಟ್ಟಡದ ನಂಬರ್ ಪಕ್ಕದ ಕೋಣೆಯದ್ದು. ಮೂರು ವರ್ಷದ ಕರಾರು, ನೋಂದಣಿ ಆಗಿಲ್ಲ. ಈಗ ಇವರ ಗತಿ ಏನು? ಇಂಥ ಗಳಿಗೆಗೆ ಬೇಕಾದ ಸೂತ್ರಗಳು ಇಲ್ಲಿವೆ.

1. ಹೆದರಬೇಡಿ, ಹಿಗ್ಗಲೂ ಬೇಡಿ

ಕರಾರಿನಲ್ಲಿ ತಪ್ಪಿದೆ ಎಂದ ಮಾತ್ರಕ್ಕೆ ನಿಮ್ಮ ಬಾಡಿಗೆ ಹಕ್ಕು ಬಿದ್ದುಹೋಗುವುದಿಲ್ಲ. ಹಾಗೆಯೇ 6,000 ಎಂದು ಬರೆಯುವಲ್ಲಿ ಮಾಲೀಕರು 600 ಎಂದು ಬರೆಸಿದ್ದರೆ ಅದು ನಿಮಗೆ ಒದಗಿದ ಲಾಟರಿಯೂ ಅಲ್ಲ. ಇಬ್ಬರೂ ಒಪ್ಪಿದ್ದು ಒಂದು, ಕಾಗದದಲ್ಲಿ ಮೂಡಿದ್ದು ಇನ್ನೊಂದು ಎಂದಾದರೆ, ಇಬ್ಬರಲ್ಲಿ ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಿ ಪತ್ರವನ್ನು ತಿದ್ದಿಸಿಕೊಳ್ಳಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಈ ದಾರಿ ಕೊಟ್ಟಿದೆ. ಮೋಸದಿಂದ ಆದ ತಪ್ಪಿಗೂ, ಇಬ್ಬರ ಕಣ್ತಪ್ಪಿನಿಂದ ಆದ ತಪ್ಪಿಗೂ ಅದು ಅನ್ವಯಿಸುತ್ತದೆ. ಮಾಲೀಕರ ತಪ್ಪು ನಿಮಗೆ ತೊಂದರೆ ಕೊಡದಂತೆ ನೋಡಿಕೊಳ್ಳುವುದು ನಿಮ್ಮ ಗುರಿಯಾಗಿರಲಿ. ಆ ತಪ್ಪಿನಿಂದ ಲಾಭ ಮಾಡಿಕೊಳ್ಳಲು ಹೋದವರ ಮಾತಿಗೆ ಮುಂದೆ ಕೋರ್ಟಿನಲ್ಲೂ ಊರಲ್ಲೂ ಬೆಲೆ ಇಳಿಯುತ್ತದೆ.

2. ಮೂರು ಕಾಗದ ಪಕ್ಕಪಕ್ಕ ಇಟ್ಟು ಓದಿ

ಕರಾರು ಒಂದು. ಗ್ರಾಮ ಪಂಚಾಯತಿಯಿಂದ ಸಿಗುವ ಇ-ಸ್ವತ್ತು ನಮೂನೆ ಎರಡನೆಯದು. ನಮೂನೆ 9 ಅಥವಾ 11ಬಿ. ಹೆಸ್ಕಾಂ ಕರೆಂಟ್ ಬಿಲ್ಲು ಮೂರನೆಯದು. ಮಾಲೀಕರ ಹೆಸರು, ಆಸ್ತಿ ನಂಬರ್, ಅಳತೆ, ಚಕ್ಕುಬಂದಿ, ಮೀಟರಿನ ಆರ್‌ಆರ್ ನಂಬರ್ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬೆರಳಿಟ್ಟು ಸಾಲು ಸಾಲಾಗಿ ನೋಡಿ. ಬಾಡಿಗೆ, ಮುಂಗಡ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ? ಆರಂಭದ ದಿನ, ಮುಗಿಯುವ ದಿನ ಲೆಕ್ಕಕ್ಕೆ ಸರಿಬರುತ್ತದೆಯೇ?

ಸಣ್ಣ ಅಂಕಿ ಎಂದು ಬಿಡಬೇಡಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆ ಮನೆಯವರಿಗೂ ಉಚಿತ ವಿದ್ಯುತ್ ಉಂಟು. ಅದಕ್ಕೆ ನಿಮ್ಮ ಆಧಾರ್ ಜೋಡಣೆಯಾಗುವುದು ಆರ್‌ಆರ್ ನಂಬರಿಗೆ. ಆ ಮನೆಯಲ್ಲಿ ಇರುವವರು ನೀವೇ ಎಂದು ತೋರಿಸಲು ಕರಾರು ನೆರವಾಗುತ್ತದೆ. ಅದರಲ್ಲಿ ನಂಬರ್ ಅದಲುಬದಲಾದರೆ ನಷ್ಟ ಪ್ರತಿ ತಿಂಗಳೂ ನಿಮ್ಮದೇ.

3. ತಪ್ಪು ಕಂಡ ದಿನವೇ ಬರೆದು ತಿಳಿಸಿ

"ಅದೆಲ್ಲ ಬರಿಯೂದೆಂತಕ್ಕೆ ಮಾರಾಯ್ರೇ, ನಾವೇನು ಹೊರಗಿನವರಾ?" ಎಂದು ಮಾಲೀಕರು ಪ್ರೀತಿಯಿಂದಲೇ ಹೇಳಬಹುದು. ಆ ಪ್ರೀತಿ ಅವರ ಮಗನ ಕಾಲಕ್ಕೂ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ನಾಲ್ಕೇ ಸಾಲು ಸಾಕು: ಇಂಥ ತಾರೀಖಿನ ಕರಾರಿನ ಇಂಥ ಪುಟದಲ್ಲಿ ಹೀಗೆ ಬರೆದಿದೆ, ನಾವು ಒಪ್ಪಿದ್ದು ಹೀಗೆ, ದಯವಿಟ್ಟು ತಿದ್ದಿ ಕೊಡಿ. ಕೆಳಗೆ ದಿನಾಂಕ, ರುಜು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಯನ್ನೂ ಅಂಚೆ ರಸೀದಿಯನ್ನೂ ಕಾಪಾಡಿ.

ಮಾಲೀಕರು ಒಪ್ಪಿದರೆ ಇಬ್ಬರೂ ಸೇರಿ ತಿದ್ದುಪಡಿ ಪತ್ರ ಮಾಡಿಕೊಳ್ಳಿ. ಮೂಲ ಕರಾರು ನೋಂದಣಿಯಾಗಿದ್ದರೆ ತಿದ್ದುಪಡಿಯೂ ನೋಂದಣಿಯಾಗಲಿ. ಪೆನ್ನಿನಲ್ಲಿ ಗೀಟು ಹಾಕಿ ಮೇಲೆ ಬರೆಯುವ ಅಭ್ಯಾಸ ಬೇಡ. ರುಜುವಾದ ಕಾಗದದ ಮೇಲೆ ಒಬ್ಬರೇ ಮಾಡಿದ ತಿದ್ದು ಹೊಸ ಜಗಳಕ್ಕೆ ಬೀಜ.

4. ಒಂದು ವರ್ಷ ಮೀರಿದರೆ ನೋಂದಣಿ ಕೇಳಿ

ನಮ್ಮ ಕಡೆ ಮಾಲೀಕರು ಮಾಡುವ ದೊಡ್ಡ ತಪ್ಪು ಇದೇ. ಮೂರು ವರ್ಷ, ಐದು ವರ್ಷ ಎಂದು ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಮುದ್ರೆ ಒತ್ತಿಸಿ ಮುಗಿಯಿತು ಎನ್ನುತ್ತಾರೆ. ನೋಟರಿ ಮುದ್ರೆ ನೋಂದಣಿಯಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಎರಡೂ ಹೇಳುತ್ತವೆ. ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡುವುದು ಇದನ್ನು ತಪ್ಪಿಸಿಕೊಳ್ಳಲಿಕ್ಕೇ.

ನೋಂದಣಿಯಾಗದ ಮೂರು ವರ್ಷದ ಕರಾರು ಕೈಯಲ್ಲಿದ್ದರೆ ನೀವು ಅತಿಕ್ರಮಣದಾರರಾಗುತ್ತೀರಾ? ಇಲ್ಲ. 2000ನೇ ಇಸವಿಯಲ್ಲಿ ಆಂಥೊನಿ ವಿರುದ್ಧ ಕೆ.ಸಿ. ಇಟ್ಟೂಪ್ ಎಂಬ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಜಾಗ ನಿಮ್ಮ ಸ್ವಾಧೀನದಲ್ಲಿದ್ದು ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಮೂರು ವರ್ಷದ ಭರವಸೆ ನಿಲ್ಲದಿದ್ದರೂ ತಿಂಗಳ ಲೆಕ್ಕದ ಬಾಡಿಗೆ ಸಂಬಂಧ ನಿಲ್ಲುತ್ತದೆ. ಅಂದರೆ ತಲೆಯ ಮೇಲೆ ಸೂರು ಉಳಿಯುತ್ತದೆ. ಮೂರು ವರ್ಷ ಇರುತ್ತೇನೆಂದು ನಂಬಿ ಹಾಕಿದ ಬಂಡವಾಳಕ್ಕೆ ರಕ್ಷಣೆ ಇರುವುದಿಲ್ಲ. ಅಂಗಡಿಗೆ ಶೆಲ್ಫು, ಫ್ರಿಜ್ಜು, ಶಟರ್ ಎಂದು ಲಕ್ಷಗಟ್ಟಲೆ ಸುರಿಯುವವರು ನೋಂದಣಿಯ ಖರ್ಚಿಗೆ ಹಿಂಜರಿಯಬಾರದು. ಬೇರೆ ಒಪ್ಪಂದ ಇಲ್ಲದಿದ್ದರೆ ಮುದ್ರಾಂಕ ಶುಲ್ಕ ಬಾಡಿಗೆದಾರರ ಪಾಲಿಗೇ ಬರುತ್ತದೆ ಎಂಬುದೂ ಗೊತ್ತಿರಲಿ. ರುಜುವಾದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಒಪ್ಪಿಸಬೇಕು.

ಇನ್ನೆರಡು ಎಚ್ಚರ. ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯದ ವ್ಯವಹಾರವನ್ನು ಬಾಡಿಗೆ ಕರಾರಿನ ಕಾಗದದಲ್ಲಿ ಬರೆಸಬೇಡಿ. ಭೋಗ್ಯ ಎಂದರೆ ಅಡಮಾನದ ಜಾತಿ, ಅದಕ್ಕೆ ನೋಂದಣಿ ಬೇಕು. ಮನೆಯ ಜೊತೆ ಹಿಂದಿನ ಅಡಿಕೆ ತೋಟವನ್ನೂ ಗೇಣಿಗೆ ಎಂದು ಮಾಲೀಕರು ಸೇರಿಸಿದ್ದರೆ ಅಲ್ಲೇ ನಿಲ್ಲಿಸಿ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕರ್ನಾಟಕ ಭೂಸುಧಾರಣಾ ಕಾಯ್ದೆ ಕೆಲವೇ ವಿನಾಯಿತಿ ಬಿಟ್ಟು ನಿಷೇಧಿಸಿದೆ.

5. ಬಾಡಿಗೆ ನಿಲ್ಲಿಸಬೇಡಿ, ರಸೀದಿ ಬಿಡಬೇಡಿ

ಸಿಟ್ಟಿನಲ್ಲಿ ಬಾಡಿಗೆ ತಡೆಹಿಡಿಯುವುದು ಬಾಡಿಗೆದಾರರು ಮಾಡುವ ಮೊದಲ ತಪ್ಪು. ತಪ್ಪು ಮಾಲೀಕರದ್ದಾಗಿದ್ದ ಜಗಳ ಆ ಕ್ಷಣವೇ ನಿಮ್ಮ ಬಾಕಿಯ ಜಗಳವಾಗಿ ತಿರುಗುತ್ತದೆ. ಬ್ಯಾಂಕ್ ಖಾತೆಗೆ ಅಥವಾ ಯುಪಿಐ ಮೂಲಕ ಕಳಿಸಿ, ಯಾವ ತಿಂಗಳ ಬಾಡಿಗೆ ಎಂದು ಬರೆಯಿರಿ. ನಗದು ಕೊಟ್ಟರೆ ರಸೀದಿ ಕೇಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಬ್ಯಾಂಕಿನ ಮೂಲಕ ಕಳಿಸಿ, ಕಳಿಸಿದ್ದೇನೆಂದು ಪತ್ರವನ್ನೂ ಹಾಕಿ.

ರಸೀದಿಯ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಮೂಲಗೇಣಿ, ಚಾಲಗೇಣಿ ಎಂದು ಒಡೆಯರ ನೆಲದಲ್ಲಿ ದುಡಿದ ತಲೆಮಾರುಗಳು ಇಲ್ಲಿಯವು. ದಿನಕರ ದೇಸಾಯಿಯವರು ಈ ಗೇಣಿದಾರರನ್ನು ಸಂಘಟಿಸಿ ಹೋರಾಡಿದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಮುಂದೆ ದೇವರಾಜ ಅರಸು ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು 7ನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅಲ್ಲಿ ಗೇಣಿ ರಸೀದಿ ಇದ್ದವನ, ಪಹಣಿಯಲ್ಲಿ ಹೆಸರಿದ್ದವನ ಮಾತಿಗೆ ಬಲ ಬಂತು. ಬಾಯಿಮಾತಿನ ಗೇಣಿದಾರ ನೆರೆಹೊರೆಯವರ ಸಾಕ್ಷಿಗೆ ಅಲೆಯಬೇಕಾಯಿತು. ಬೆವರು ಇಬ್ಬರದ್ದೂ ಒಂದೇ. ಕಾಗದ ಇದ್ದವನ ದಾರಿ ಹಗುರವಾಯಿತು. ಇಂದಿನ ಮನೆ ಬಾಡಿಗೆಗೂ ಅಂಗಡಿ ಬಾಡಿಗೆಗೂ ಪಾಠ ಅದೇ.

6. ಕರಾರು ಸುಮ್ಮನಿರುವಲ್ಲಿ ಕಾನೂನು ಮಾತಾಡುತ್ತದೆ

ಮಾಲೀಕರು ಬರೆಸಲು ಮರೆತ ಮಾತುಗಳು ಎಷ್ಟೋ ಸಲ ಬಾಡಿಗೆದಾರರ ಪರವಾಗಿ ನಿಲ್ಲುತ್ತವೆ. ಆಸ್ತಿ ವರ್ಗಾವಣೆ ಕಾಯ್ದೆಯ 110ನೇ ಕಲಂ ನೋಡಿ. ಅವಧಿಗೆ ಮುಂಚೆಯೇ ಕರಾರು ಮುಗಿಸಬಹುದು ಎಂದು ಬರೆದು, ಯಾರು ಮುಗಿಸಬಹುದು ಎಂದು ಬರೆಯದಿದ್ದರೆ ಆ ಆಯ್ಕೆ ಬಾಡಿಗೆದಾರರಿಗೆ ಸೇರಿದ್ದು, ಮಾಲೀಕರಿಗಲ್ಲ. ಆರಂಭದ ದಿನ ಬರೆಯದಿದ್ದರೆ ಕರಾರು ಆದ ದಿನದಿಂದಲೇ ಲೆಕ್ಕ. ಅವಧಿಯೇ ಇಲ್ಲದಿದ್ದರೆ ಮನೆ, ಅಂಗಡಿಗಳು ತಿಂಗಳ ಬಾಡಿಗೆ ಎಂದಾಗುತ್ತವೆ, ಬಿಡಿಸಲು 15 ದಿನಗಳ ನೋಟಿಸ್ ಬೇಕು. ಅವಧಿ ಮುಗಿದ ಮೇಲೂ ನೀವು ಅಲ್ಲೇ ಇದ್ದು ಮಾಲೀಕರು ಬಾಡಿಗೆ ಒಪ್ಪಿಕೊಂಡರೆ, ಬೇರೆ ಮಾತಾಗಿಲ್ಲದಿದ್ದರೆ, 116ನೇ ಕಲಂ ಪ್ರಕಾರ ಬಾಡಿಗೆ ಮುಂದುವರಿದಂತೆ. ಕರಾರಿನಲ್ಲಿ ಏನಿದೆ ಎಂದು ನೋಡಿದಷ್ಟೇ ಗಮನವಿಟ್ಟು ಏನಿಲ್ಲ ಎಂದೂ ನೋಡಿ.

7. ಮುಚ್ಚಿಟ್ಟ ದೋಷಕ್ಕೆ ಮಾಲೀಕರು ಹೊಣೆ

ಚತುಷ್ಪಥಕ್ಕೆಂದು ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ಭಟ್ಕಳದಿಂದ ಕುಮಟಾದವರೆಗೆ ರಸ್ತೆ ಬದಿಯ ಎಷ್ಟೋ ಕಟ್ಟಡಗಳ ಮುಂಭಾಗ ಹೋಯಿತು. ಅಂಥ ಕಟ್ಟಡಕ್ಕೆ ಭೂಸ್ವಾಧೀನದ ನೋಟಿಸ್ ಬಂದಿದ್ದೂ ಅದನ್ನು ಹೇಳದೆ ಬಾಡಿಗೆಗೆ ಕೊಟ್ಟರೆ? ನೀವು ಯಾವ ಕೆಲಸಕ್ಕೆ ಜಾಗ ಹಿಡಿಯುತ್ತೀರೋ ಆ ಕೆಲಸಕ್ಕೆ ಅಡ್ಡಬರುವ ದೊಡ್ಡ ದೋಷ ಮಾಲೀಕರಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರದಿಂದ ನಿಮಗೆ ಕಾಣುವಂತಿರದಿದ್ದರೆ, ಅವರು ಹೇಳಲೇಬೇಕು ಎಂದು 108ನೇ ಕಲಂ ಹೇಳುತ್ತದೆ. ನೀವೂ ಸಾಮಾನ್ಯ ಎಚ್ಚರ ತೋರಿಸಿ. ಋಣಭಾರ ಪ್ರಮಾಣಪತ್ರ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಪಂಚಾಯತಿಯಲ್ಲಿ ಒಂದು ಮಾತು ವಿಚಾರಿಸಿ. ಬಾವಿಯ ನೀರು ಮೇ ತಿಂಗಳಲ್ಲೂ ಇರುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ.

8. ಮಳೆಗಾಲಕ್ಕೆ ಮುಂಚೆ ರಿಪೇರಿಯ ಮಾತು ಮುಗಿಸಿ

ಕರಾವಳಿಯ ಮಳೆ ಕರಾರಿನ ದೋಷವನ್ನು ಮೊದಲ ವಾರದಲ್ಲೇ ತೋರಿಸಿಕೊಡುತ್ತದೆ. ಒಡೆದ ಹಂಚು ಬದಲಿಸುವವರು ಯಾರು, ಗೋಡೆಯ ಥಂಡಿಗೆ ಯಾರು, ಬಾವಿಯ ಪಂಪಿಗೆ ಯಾರು? ಕರಾರಿನಲ್ಲಿ ರಿಪೇರಿಯ ಸಾಲೇ ಇಲ್ಲದಿದ್ದರೆ ಮಾಲೀಕರನ್ನು ಹಿಡಿಯುವುದು ಕಷ್ಟ. ಮರೆತದ್ದು ಅವರು, ನೆನೆಯುವುದು ನೀವು. ಆದ್ದರಿಂದ ಈ ಸಾಲನ್ನು ಮೊದಲೇ ಬರೆಸಿ.

ರಿಪೇರಿ ಮಾಲೀಕರದ್ದು ಎಂದು ಬರೆದಿದ್ದು, ನೀವು ತಿಳಿಸಿದ ಮೇಲೂ ಅವರು ಸಕಾಲದಲ್ಲಿ ಮಾಡದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಅದಕ್ಕೆ ಮುಂಚೆ ಲಿಖಿತ ಸೂಚನೆ ಕೊಡಿ. ಸೋರುವ ಜಾಗದ ಫೋಟೋ, ಬಡಗಿಯ ಬಿಲ್ಲು, ಹಂಚಿನ ಬಿಲ್ಲು ಇಟ್ಟುಕೊಳ್ಳಿ. ಶರಾವತಿಯ ನೆರೆಯೋ ಗುಂಡಬಾಳಾ ಹೊಳೆಯ ನೆರೆಯೋ ಬಂದು, ಜಾಗ ಮತ್ತೆ ಬಳಸಲು ಬಾರದಷ್ಟು ಹಾಳಾದರೆ ಕರಾರಿನಿಂದ ಹೊರಬರುವ ಆಯ್ಕೆಯನ್ನೂ ಅದೇ 108ನೇ ಕಲಂ ನಿಮಗೆ ಕೊಡುತ್ತದೆ.

9. ಮಾಲೀಕರು ಒಬ್ಬರೇ ಎಂದು ನಂಬಬೇಡಿ

ಇಲ್ಲಿಯ ಹಳೆಯ ಮನೆಗಳು ಬಹಳಷ್ಟು ಪಾಲಾಗದ ಕುಟುಂಬದ ಆಸ್ತಿ. ಊರಲ್ಲಿರುವ ಅಣ್ಣ ಕರಾರು ಮಾಡುತ್ತಾರೆ; ಮುಂಬೈಯಲ್ಲಿರುವ ತಮ್ಮ ರಜೆಗೆ ಬಂದು, ನನ್ನನ್ನು ಕೇಳಿಲ್ಲ ಎನ್ನುತ್ತಾರೆ. ನಮೂನೆಯಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರ ರುಜು ಹಾಕಿಸಿ, ಇಲ್ಲವೇ ಒಬ್ಬರಿಗೆ ಅಧಿಕಾರ ಕೊಟ್ಟ ಪತ್ರದ ಪ್ರತಿ ಪಡೆಯಿರಿ.

ನಡುವೆ ಕಟ್ಟಡ ಮಾರಾಟವಾದರೆ ಗಾಬರಿ ಬೇಡ. 109ನೇ ಕಲಂ ಪ್ರಕಾರ ಹೊಸ ಮಾಲೀಕರು ಹಳೆಯವರ ಸ್ಥಾನಕ್ಕೆ ಬರುತ್ತಾರೆ, ನಿಮ್ಮ ಕರಾರು ಅವರನ್ನೂ ಕಟ್ಟುತ್ತದೆ. ಮಾರಾಟದ ಸುದ್ದಿಯೇ ತಿಳಿಯದೆ ಹಳೆಯವರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರಿಗೆ ಇನ್ನೊಮ್ಮೆ ಕೊಡಬೇಕಾಗಿಲ್ಲ. ತಿಳಿದ ದಿನದಿಂದ ಬಾಡಿಗೆ ಯಾರಿಗೆ, ಮುಂಗಡ ಹಿಂತಿರುಗಿಸುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ.

10. ನೋಟಿಸಿನ ತಪ್ಪನ್ನೇ ನಂಬಿ ಕೂರಬೇಡಿ

ಬಿಡಿ ಎಂದು ಬಾಯಲ್ಲಿ ಹೇಳಿದರೆ ಅದು ನೋಟಿಸಲ್ಲ. ಬರಹದಲ್ಲಿರಬೇಕು, ರುಜು ಇರಬೇಕು. ಆದರೆ ನೋಟಿಸಿನಲ್ಲಿ 15ರ ಬದಲು 10 ದಿನ ಎಂದಿದೆ, ಹಾಗಾಗಿ ನಾನು ಗೆದ್ದೆ ಎಂದು ಕೂರುವ ಕಾಲ ಹೋಯಿತು. ಆಸ್ತಿ ವರ್ಗಾವಣೆ ಕಾಯ್ದೆಗೆ 2002ರ ಕೊನೆಯಲ್ಲಿ ಬಂದ ತಿದ್ದುಪಡಿಯ ಪ್ರಕಾರ, ನಿಗದಿತ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ದಿನ ಕಡಿಮೆ ಬರೆದ ಒಂದೇ ಕಾರಣಕ್ಕೆ ನೋಟಿಸ್ ಬೀಳುವುದಿಲ್ಲ. ನೋಟಿಸ್ ಕೈಗೆ ಬಂದ ವಾರದೊಳಗೆ ವಕೀಲರ ಮೂಲಕ ಉತ್ತರ ಕೊಡಿ.

ಯಾವ ಕಾನೂನು ನಿಮಗೆ ಅನ್ವಯ ಎಂದೂ ಅವರನ್ನೇ ಕೇಳಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತನ್ನ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಅಲ್ಲೂ ಅಂಗಡಿಯಾದರೆ 14 ಚದರ ಮೀಟರ್ ಮೀರಿರಬಾರದು. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಅಂಗಡಿ ಸುಮಾರು 13 ಚದರ ಮೀಟರ್. ಅಗಲದಲ್ಲಿ ಒಂದಡಿ ಹೆಚ್ಚು ಬರೆದರೂ ಹಕ್ಕಿನ ಲೆಕ್ಕ ಬದಲಾಗಬಹುದು. ಪಂಚಾಯತಿಯ ಮಳಿಗೆಗಳ ನಿಯಮ ಬೇರೆಯೇ ಇದೆ.

ಮುಂಗಡ ಎಷ್ಟು, ಬಿಟ್ಟ ಮೇಲೆ ಎಷ್ಟು ದಿನದೊಳಗೆ ವಾಪಸ್ ಎಂಬ ಸಾಲು ಕರಾರಿನಲ್ಲಿ ಇರಲಿ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು, ಉಳಿದದ್ದಕ್ಕೆ ಆರು ತಿಂಗಳ ಬಾಡಿಗೆಯಷ್ಟು ಮುಂಗಡದ ಮಿತಿ ಸೂಚಿಸಿದೆ. ಅದು ಮಾದರಿ ಮಾತ್ರ, ರಾಜ್ಯ ಕಾನೂನಾಗಿಸದೆ ಹಕ್ಕಾಗದು. ಮಾತುಕತೆಗೆ ಕೂತಾಗ ಒಳ್ಳೆಯ ಅಳತೆಗೋಲು. ಕರಾರು ಬೇರೆ ಹೇಳದಿದ್ದರೆ ನೀವು ಜೋಡಿಸಿದ ಶೆಲ್ಫು, ಶೀಟುಗಳನ್ನು ಜಾಗ ಒಪ್ಪಿಸುವ ಮುಂಚೆ ಬಿಚ್ಚಿಕೊಳ್ಳಬಹುದು. ಜಾಗ ಮೊದಲಿದ್ದಂತೆ ಇರಬೇಕು ಅಷ್ಟೇ.

11. ಬೀಗ ಹಾಕಿದರೆ ತಡಮಾಡಬೇಡಿ

ಕರಾರೇ ಸರಿಯಿಲ್ಲ, ನಿನಗೆ ಹಕ್ಕೇ ಇಲ್ಲ ಎಂದು ಮಾಲೀಕರು ರಾತ್ರೋರಾತ್ರಿ ಬೀಗ ಬದಲಿಸಬಹುದು, ನೀರು, ಕರೆಂಟು ಕಡಿಯಬಹುದು. ಅದಕ್ಕೆ ಕಾನೂನಿನ ಬಲವಿಲ್ಲ. ನೆಲೆಯಾದ ಸ್ವಾಧೀನದಲ್ಲಿರುವವರನ್ನು, ಅವರಿಗೆ ಅಲ್ಲಿರುವ ಹಕ್ಕಿಲ್ಲ ಎಂದೇ ಇಟ್ಟುಕೊಂಡರೂ, ಕಾನೂನಿನ ದಾರಿಯಲ್ಲದೆ ಹೊರಹಾಕುವಂತಿಲ್ಲ ಎಂದು 1989ರಲ್ಲಿ ಕೃಷ್ಣ ರಾಮ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದಿನವೇ ಫೋಟೋ ತೆಗೆಯಿರಿ, ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಿ. ಹೊರಹಾಕಿಯೇ ಬಿಟ್ಟಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಸ್ವಾಧೀನ ಮರಳಿ ಪಡೆಯುವ ದಾವೆ ಹೂಡಬಹುದು. ಅದಕ್ಕಿರುವ ಗಡುವು ಆರು ತಿಂಗಳು. ಹಿರಿಯರು ಕೂತು ರಾಜಿ ಮಾಡಿಸುತ್ತಾರೆ ಎಂದು ಕಾಯುತ್ತ ಈ ಗಡುವು ಕಳೆದುಕೊಳ್ಳಬೇಡಿ.

12. ಕೈಯಲ್ಲಿ ಕಾಸಿಲ್ಲ ಎಂದು ಹಕ್ಕು ಬಿಡಬೇಡಿ

ನ್ಯಾಯಾಲಯ ಇರುವಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ; ಇಡಗುಂಜಿಯವರಿಗೆ ಹೊನ್ನಾವರ ಹತ್ತಿರ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿನವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಇಂಥ ಕರಾರಿನ ಜಗಳಗಳಿಗೆ ಲೋಕ ಅದಾಲತ್ ಹೇಳಿ ಮಾಡಿಸಿದ ಜಾಗ. ದಾವೆ ಹೂಡುವ ಮುಂಚೆಯೇ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ನಾಳೆಯೂ ಒಂದೇ ಪೇಟೆಯಲ್ಲಿ ಮುಖ ನೋಡಿಕೊಳ್ಳಬೇಕಾದ ಮಾಲೀಕರಿಗೂ ಬಾಡಿಗೆದಾರರಿಗೂ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಆ ಹಣ್ಣುಕಾಯಿ ಅಂಗಡಿಯವರ ವಿಷಯಕ್ಕೆ ಬರೋಣ. ಅವರ ಸ್ವಾಧೀನ ಗಟ್ಟಿ, ತಿಂಗಳ ಬಾಡಿಗೆಯ ಹಕ್ಕು ಗಟ್ಟಿ. ಮೂರನೇ ಪುಟದ ಹೆಸರು, ಕೋಣೆಯ ನಂಬರ್ ಒಂದು ತಿದ್ದುಪಡಿ ಪತ್ರದಲ್ಲಿ ಸರಿಹೋಗುತ್ತವೆ. ಮೂರು ವರ್ಷದ ಭರವಸೆ ಬೇಕಾದರೆ ಮಾಲೀಕರನ್ನು ಕರೆದುಕೊಂಡು ಹೊಸ ಕರಾರನ್ನು ನೋಂದಾಯಿಸಬೇಕು. ಕಳೆದುಕೊಳ್ಳುವುದು ಏನಾದರೂ ಇದ್ದರೆ ಅದು ಸುಮ್ಮನಿದ್ದರೆ ಮಾತ್ರ.

ನಿಮ್ಮ ಕರಾರು ಎಲ್ಲಿದೆ? ಕಪಾಟಿನ ಬಟ್ಟೆಯಡಿಯೋ, ದೇವರ ಫೋಟೋದ ಹಿಂದೆಯೋ? ಇವತ್ತು ಸಂಜೆ ಅದನ್ನು ತೆಗೆಯಿರಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಮೊದಲ ಪುಟದಿಂದ ಕೊನೆಯ ರುಜುವಿನವರೆಗೆ ಗಟ್ಟಿಯಾಗಿ ಓದಿ. ಅರ್ಥವಾಗದ ಸಾಲಿಗೆ ಗುರುತು ಹಾಕಿ, ನಾಳೆಯೇ ಕೇಳಿ.